ಹತ್ತು ರೂಪಾಯಿ ನೋಟು ಹಿಡಿದುಕೊಟ್ಟ ಕಳ್ಳ

ಎರಡು ತಿಂಗಳಿಂದ ಗಾಳಿಗೆ ಬೈಯುತ್ತಾ ಬಂದಿದ್ದೇನೆ. ಪಾಪ, ಅದರದ್ದೇನೂ ತಪ್ಪಿರಲಿಲ್ಲ.

ರಾಜ್ಯಮಟ್ಟದ ರೈಫಲ್ ಶೂಟಿಂಗ್ ಪಂದ್ಯ, 50 ಮೀಟರ್ ಪ್ರೋನ್, ಅಂದರೆ ಮಲಗಿ ಹೊಡೆಯುವುದು. 60 ಗುಂಡು, 50 ನಿಮಿಷ. (ರಿಯೊ 2016ರ ನಂತರ ಒಲಿಂಪಿಕ್ಸ್‌ನವರು ಈ ಸ್ಪರ್ಧೆಯನ್ನೇ ಕೈಬಿಟ್ಟರು. ಆ ಸಿಟ್ಟು ನನಗಿನ್ನೂ ಇಳಿದಿಲ್ಲ.) ಹತ್ತು ಗುಂಡಿನ ಮೊದಲ ಸರಣಿ 101.8, ಎರಡನೆಯದು 101.3. ನನ್ನ ಮಟ್ಟಕ್ಕೆ ಇದು ಹಬ್ಬ. ಮೊಣಕೈ ಜಾರುತ್ತಿದೆ ಅನ್ನಿಸಿ ಸ್ಲಿಂಗನ್ನು (ರೈಫಲನ್ನು ತೋಳಿಗೆ ಬಿಗಿಯುವ ಪಟ್ಟಿ) ಒಂದು ತೂತು ಬಿಗಿ ಮಾಡಿದೆ. ಮೂರನೆಯದು 98.6, ನಾಲ್ಕನೆಯದು 97.9! ಗುಂಡುಗಳೆಲ್ಲ ಎಡಕ್ಕೆ, ಒಂಬತ್ತು ಗಂಟೆ ದಿಕ್ಕಿಗೆ. ಧ್ವಜ ಬಲಗಡೆಯಿಂದ ಅಲ್ಲಾಡುತ್ತಿತ್ತು, ಗಾಳಿಯೇ ಅಂದುಕೊಂಡು ಗುರಿಕಣ್ಣಿನ ತಿರುಪು ತಿರುಗಿಸಿ ಬಲಕ್ಕೆ ಕ್ಲಿಕ್ ಕೊಟ್ಟೆ. ಒಂದು ಗುಂಡು ನಡುವಿಗೆ ಬಂತು, ಮುಂದಿನದು ಬಲಕ್ಕೆ ಓಡಿತು, ಅದರ ಮುಂದಿನದು ಮತ್ತೆ ಎಡಕ್ಕೆ.

ಲೆಕ್ಕ ಹಾಕಿದ್ದರೆ ಅಲ್ಲೇ ಗೊತ್ತಾಗುತ್ತಿತ್ತು. ಸೆಕೆಂಡಿಗೆ ಒಂದು ಮೀಟರ್ ಅಡ್ಡಗಾಳಿಗೆ .22 ಗುಂಡು 50 ಮೀಟರಿನಲ್ಲಿ ಐದಾರು ಮಿ.ಮೀ. ಸರಿಯುತ್ತದೆ. ನನ್ನ ಕೆಲವು ಗುಂಡು 15 ಮಿ.ಮೀ. ಆಚೆ ಬಿದ್ದಿದ್ದವು. ಹತ್ತರ ಉಂಗುರದ ಅಗಲವೇ 10.4 ಮಿ.ಮೀ.! ಅಷ್ಟು ಗಾಳಿ ಇದ್ದರೆ ಧ್ವಜ ಹಾರಾಡಬೇಕಿತ್ತು. ಅದು ಒಣಹಾಕಿದ ಪಂಚೆಯಂತೆ ಸುಮ್ಮನೆ ತೂಗುತ್ತಿತ್ತು.

ಆಮೇಲೆ ಅನುಮಾನ ಹೋಗಿದ್ದು ಗುಂಡಿನ ಮೇಲೆ. ಪೂರೈಕೆದಾರನಿಗೆ ‘ಎಲ್ಲಾ ಒಂದೇ ಲಾಟ್ ಇರಲಿ’, ಅಂದರೆ ಒಂದೇ ಸಲ ತಯಾರಾದ ಗುಂಡುಗಳಿರಲಿ ಅಂತ ಮೂರು ಸಲ ಹೇಳಿದ್ದೆ. ಬಂದದ್ದು ಎರಡು ಲಾಟ್. ಕೇಳಿದರೆ ‘ಬಾಕ್ಸ್ ಒಂದೇ ಬಣ್ಣ ಅಲ್ವಾ ಸಾರ್’ ಅಂದ. ಬೆಂಚ್ ಮೇಲೆ ರೆಸ್ಟ್ ಇಟ್ಟು ಎರಡನ್ನೂ ಹೊಡೆದು ನೋಡಿದೆ. ಎರಡೂ ಚಂದದ ಗ್ರೂಪ್, ಗುಂಡೆಲ್ಲ ಒಂದೇ ಕಡೆ ಒತ್ತೊತ್ತಾಗಿ! ಅಂದಮೇಲೆ ರೈಫಲ್ ಸರಿ, ಗುಂಡು ಸರಿ. ಉಳಿದದ್ದು ನಾನು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ಅದನ್ನು ಪಕ್ಕದ ಲೇನಿನವರು ನನಗೆ ಹೇಳಿಯೂ ಆಯಿತು.

ಆದರೂ ಮನಸ್ಸು ಕೇಳದೆ, ರೈಫಲಿನ ಲೋಹದ ಭಾಗವನ್ನು ಮರಕ್ಕೆ ಬಿಗಿಯುವ ಆ್ಯಕ್ಷನ್ ಸ್ಕ್ರೂ ಸಡಿಲವೇನೋ ಅಂತ, ಎಷ್ಟು ಬಿಗಿ ಅಂತ ಅಳೆದು ತಿರುಗಿಸುವ ಸಣ್ಣ ಟಾರ್ಕ್ ಡ್ರೈವರ್ ಹುಡುಕಿಕೊಂಡು ಜೆ.ಸಿ. ರೋಡಿಗೆ ಹೋದೆ. ಅಂಗಡಿಯವನು ನನ್ನ ತೋಳಿನಷ್ಟುದ್ದದ, ಲಾರಿ ಚಕ್ರಕ್ಕೆ ಹಾಕುವ ರೆಂಚ್ ಹೊರತೆಗೆದ. ಕೈ ಮುಗಿದು ಬಂದೆ.

ಕಳೆದ ಭಾನುವಾರ ರೇಂಜಿನ ಹಿರಿಯರೊಬ್ಬರು ಬೋಲ್ಟ್ ತೆಗೆಸಿ, ಜೇಬಿನಿಂದ ಹತ್ತು ರೂಪಾಯಿ ನೋಟು ತೆಗೆದು ಬ್ಯಾರಲ್ (ನಳಿಗೆ) ಮತ್ತು ಸ್ಟಾಕ್ (ಅದನ್ನು ಹೊತ್ತ ಮರದ ದಿಮ್ಮಿ) ನಡುವೆ ತೂರಿಸಿದರು. ಬ್ಯಾರಲ್ ಮರಕ್ಕೆ ತಾಗುತ್ತಿದೆಯೇ ಅಂತ ನೋಡುವ ಪರೀಕ್ಷೆ. ಸಲೀಸಾಗಿ ಹೋಯಿತು. ‘ಇದನ್ನ ನಾನೂ ಮಾಡಿದೀನಿ ಸಾರ್’ ಅಂದೆ. ‘ಮಲಗಿ ಮಾಡಿದೀರೇನ್ರಿ?’

ಮಲಗಿದೆ. ಸ್ಲಿಂಗ್ ಹಾಕಿ, ಪಂದ್ಯದ ದಿನದಷ್ಟೇ ಬಿಗಿ ಮಾಡಿ, ಗುರಿ ಹಿಡಿದೆ. ನೋಟು ಮುಂತುದಿಯಿಂದ ಎರಡು ಇಂಚು ಒಳಗೆ ಬಂದು ಬಲಗಡೆ ಸಿಕ್ಕಿಕೊಂಡಿತು. ಒಂದು ತೂತು ಸಡಿಲ ಮಾಡಿದರೆ ಜಾರುತ್ತದೆ, ಬಿಗಿ ಮಾಡಿದರೆ ನಿಲ್ಲುತ್ತದೆ. ಸ್ಲಿಂಗ್ ಮರವನ್ನು ಎಡಕ್ಕೆ ಎಳೆದಾಗ ಬಲಗೋಡೆ ಬ್ಯಾರಲ್ಲಿಗೆ ತಾಗಿ ಅದನ್ನೂ ಎಡಕ್ಕೆ ದೂಡುತ್ತಿತ್ತು. ಬೆಂಚ್ ಮೇಲೆ ಸ್ಲಿಂಗೇ ಇಲ್ಲ, ಕಳ್ಳ ಸಿಗುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಸ್ಟಾಕ್, ಬ್ಯಾರಲ್ ಕೂರುವ ತೋಡಿನ ಒಳಗೆ ಪಾಲಿಶ್ ಇಲ್ಲದ ಬರೀ ಮರ. ನಮ್ಮ ಬೀದಿಯ ಬಡಗಿಗೆ ಹೇಳಿದರೆ, ‘ಮಳೆಗಾಲದಲ್ಲಿ ಬಚ್ಚಲ ಬಾಗಿಲು ಹಿಡ್ಕೊಳಲ್ವಾ ಸಾರ್, ಇದೂ ಹಂಗೇ’ ಅಂತ ನಕ್ಕ. ಮುಕ್ಕಾಲಿಂಚು ಪಿವಿಸಿ ಪೈಪಿಗೆ 80 ನಂಬರಿನ ಮರಳು ಕಾಗದ ಸುತ್ತಿ ಬಲಗೋಡೆ ಉಜ್ಜಿದೆ. ಈಗ ನೋಟನ್ನು ಮಡಚಿ ಹಾಕಿದರೂ ಓಡುತ್ತದೆ. ಸ್ಲಿಂಗ್ ಬಿಗಿ ಮಾಡಿಯೇ 20 ಗುಂಡು ಹೊಡೆದೆ. ಎಡಕ್ಕೆ ಒಂದೂ ಹೋಗಲಿಲ್ಲ.

ಇಷ್ಟು ಬೈಸಿಕೊಂಡ ಗಾಳಿಯನ್ನು ಇನ್ನಾದರೂ ಸರಿಯಾಗಿ ಓದಬೇಕು. ಕಡಲೆಕಾಯಿ ಪರಿಷೆಯಲ್ಲಿ ಸಿಗುವ ಗಿರಗಿಟ್ಲೆಗೆ ಸೈಕಲ್ ಬೇರಿಂಗ್ ಹಾಕಿ, ಉಣ್ಣೆ ದಾರದ ಬಾಲ ಕಟ್ಟಿ ಅಭ್ಯಾಸಕ್ಕೆ ಗಾಳಿಸೂಚಕ ಮಾಡುವ ಯೋಜನೆ ಇದೆ. ಮನೆಯಲ್ಲಿ ಈಗಲೇ ‘ಇನ್ನೊಂದಾ?’ ಅಂತ ಶುರುವಾಗಿದೆ.

ಅದಕ್ಕೆ ಮೊದಲು ತೋಡಿಗೆ ವಾರ್ನಿಷ್ ಆಗಬೇಕು. ನಿನ್ನೆ ಒಂದು ಕೋಟ್ ಹಚ್ಚಿದೆ. ರಾತ್ರಿಯೆಲ್ಲ ಮಳೆ. ಇನ್ನೂ ಬೆರಳಿಗೆ ಅಂಟುತ್ತಿದೆ.