ಗುಂಡಿ ಹಲಗೆ

ಇವತ್ತು ತುಮಕೂರು ಟೌನ್‌ಹಾಲ್ ಹತ್ತಿರ ಆಟಿಸಂ ಇರೋ ನನ್ನ ತಮ್ಮನ ಹಳೇ ಮಿಸ್ ಸಿಕ್ಕಿದ್ದರು. ಎಂಬತ್ತು ದಾಟಿದೆ. ನನ್ನ ಗುರುತು ಹತ್ತಲಿಲ್ಲ. ಅವನ ಹೆಸರು ಹೇಳಿದ್ದೇ ತಡ, "ಗುಂಡಿ ಹಾಕ್ಕೊಳ್ತಾನಾ ಈಗ?" ಅಂದರು.

ಒಂದು ಹಲಗೆ ಇತ್ತು ಅವರ ಹತ್ತಿರ. ಹಳೇ ಶರ್ಟಿನ ಮುಂಭಾಗಕ್ಕೆ ಕೋಟಿನ ದಪ್ಪ ಗುಂಡಿ ಹೊಲಿದು, ಹಲಗೆಗೆ ಮೊಳೆ ಹೊಡೆದಿದ್ದರು. ಮೊದಮೊದಲು ಗುಂಡಿಯನ್ನ ಮುಕ್ಕಾಲು ಅವರೇ ತೂರಿಸಿ ಇಡುತ್ತಿದ್ದರು. ಇವನು ಎಳೆದರೆ ಸಾಕು. ಆಮೇಲೆ ಅರ್ಧ. ಆಮೇಲೆ ಬರೀ ತುದಿ.

ಎಂಟು ತಿಂಗಳು! ನಾನಾಗಿದ್ದರೆ ಎರಡನೇ ದಿನಕ್ಕೇ ಟೀ ಶರ್ಟ್ ತೊಡಿಸುತ್ತಿದ್ದೆ.

1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲೇ ಇಲ್ಲ. ಸೇರಿದ್ದು 2016ರ ಹೊಸ ಕಾಯ್ದೆಯಲ್ಲಿ. ಅಷ್ಟೊತ್ತಿಗೆ ಮಿಸ್ ರಿಟೈರ್ ಆಗಿದ್ದರು.

"ಹಾಕ್ಕೊಳ್ತಾನೆ ಮಿಸ್, ಕಾಲರ್ ಹತ್ರದ್ದು ಬಿಟ್ಟು" ಅಂದೆ.

"ಅದನ್ನ ಯಾರು ಹಾಕ್ತಾರೆ ಬಿಡಪ್ಪ" ಅಂತ ಆಟೋ ಹತ್ತಿದರು.