ಹದ್ದು ಮೀರಿದ ಕೇಸು

ಜರ್ಮನಿಯ ಕೊಬ್ಲೆಂಜ್ ಊರಿಗೆ ಆ ಹೆಸರು ಹುಟ್ಟಿದ್ದೇ ನದಿಗಳು ಕೂಡುವುದರಿಂದ. ಮೋಸೆಲ್ ಇಲ್ಲಿ ಬಂದು ರೈನ್ ನದಿಗೆ ಸೇರುತ್ತದೆ, ನಮ್ಮ ಕೂಡಲಸಂಗಮದಲ್ಲಿ ಮಲಪ್ರಭೆ ಕೃಷ್ಣೆಗೆ ಸೇರುವ ಹಾಗೆ. ಬಾಗಲಕೋಟೆ ಜಿಲ್ಲೆಯಿಂದ ಬಂದ ನನಗೆ ಈ ಊರು ಬೇಗ ಹಿಡಿಸಿತು.

2020ರ ಏಪ್ರಿಲ್‌ನಲ್ಲಿ ಇಲ್ಲಿನ ಕೋರ್ಟಿನಲ್ಲಿ ಒಂದು ವಿಚಾರಣೆ ಶುರುವಾಯಿತು. ಮುಖ್ಯ ಆರೋಪಿ ಅನ್ವರ್ ರಸ್ಲಾನ್, ಸಿರಿಯಾದ ಗುಪ್ತಚರ ಇಲಾಖೆಯಲ್ಲಿ ಕರ್ನಲ್ ಆಗಿದ್ದವನು. ಡಮಾಸ್ಕಸ್‌ನ ಅಲ್-ಖತೀಬ್ ಬಂದೀಖಾನೆಯಲ್ಲಿ ಚಿತ್ರಹಿಂಸೆ ಕೊಡಿಸಿದ, ಜನರ ಸಾವಿಗೆ ಕಾರಣನಾದ ಅಂತ ಅವನ ಮೇಲೆ ಕೇಸು.

ಅಪ್ಪನಿಗೆ ಫೋನಿನಲ್ಲಿ ಹೇಳಿದೆ. ಅವರು ತಾಲೂಕು ಕೋರ್ಟಿನಲ್ಲಿ ಗುಮಾಸ್ತರಾಗಿದ್ದವರು. "ಅಲ್ಲ ಯವ್ವಾ, ಸತ್ತವರು ಅಲ್ಲಿಯವರು, ಹೊಡದವರೂ ಅಲ್ಲಿಯವರು. ಈ ಕೋರ್ಟಿನ ಹದ್ದಿನಾಗ ಹೆಂಗ ಬರ್ತೈತಿ?" ಅಂದರು.

ಹದ್ದು ಅಂದರೇನು ಅಂತ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಕಾಕಾನ ಜೋಡೆತ್ತು ಕಳುವಾದಾಗ ಎರಡು ಠಾಣೆಯವರೂ "ನಮ್ಮ ಹದ್ದಲ್ಲ" ಅಂತ ಅಲೆದಾಡಿಸಿದ್ದರು. ಹದ್ದು ಯಾರದೇ ಇರಲಿ, ಯಾವ ಠಾಣೆಯಲ್ಲಾದರೂ ದೂರು ಬರೆಸಬಹುದಾದ ಝೀರೋ ಎಫ್‌ಐಆರ್ ಅನ್ನೋದು ಆಗ ನಮಗ್ಯಾರಿಗೂ ಗೊತ್ತಿರಲಿಲ್ಲ. ಎತ್ತು ಸಿಗಲೇ ಇಲ್ಲ.

ಜರ್ಮನಿ 2002ರಲ್ಲಿ ಒಂದು ಕಾನೂನು ತಂದಿದೆ. ನರಮೇಧ, ಯುದ್ಧಾಪರಾಧದಂಥವು ಎಲ್ಲೇ ನಡೆಯಲಿ, ಯಾರೇ ಮಾಡಲಿ, ಇಲ್ಲಿ ಕೇಸು ನಡೆಸಬಹುದು. ಮಾಮೂಲಿ ಕೊಲೆ ಕೇಸನ್ನು ಆಯಾ ರಾಜ್ಯದ ಪ್ರಾಸಿಕ್ಯೂಟರ್ ನೋಡುತ್ತಾರೆ. ಇಂಥವು ಮಾತ್ರ ಕಾರ್ಲ್ಸ್‌ರೂಹೆಯಲ್ಲಿರುವ ಫೆಡರಲ್ ಪ್ರಾಸಿಕ್ಯೂಟರ್ ಕಚೇರಿಗೆ ಹೋಗುತ್ತವೆ.

ನನಗೆ ತುಂಬಾ ಹಿಡಿಸಿದ್ದು ಆ ಕಚೇರಿ ಕೆಲಸ ಮಾಡುವ ರೀತಿ. ಆರೋಪಿ ಕೈಗೆ ಸಿಗಲಿ ಅಂತ ಕಾಯುವುದಿಲ್ಲ. 2011ರಲ್ಲೇ ಸಿರಿಯಾದ ಬಗ್ಗೆ ತನಿಖೆ ತೆರೆದರು, ಇಂಥವನೇ ಆರೋಪಿ ಅಂತ ಹೆಸರಿಸದೆ. ಯಾವ ಜೈಲಿನಲ್ಲಿ ಏನಾಯಿತು, ಯಾರ ಕೈಕೆಳಗೆ ಯಾರಿದ್ದರು, ಆಶ್ರಯ ಕೇಳಿ ಬಂದವರು ಏನು ಕಂಡಿದ್ದಾರೆ, ಎಲ್ಲ ಬರೆದಿಟ್ಟುಕೊಂಡರು. 'ಸೀಸರ್' ಅನ್ನುವ ಗುಟ್ಟಿನ ಹೆಸರಿನ ಫೋಟೋಗ್ರಾಫರ್ ಸಿರಿಯಾದಿಂದ ಹೊರತಂದ ಶವಗಳ ಸಾವಿರಾರು ಫೋಟೋಗಳೂ ಅವರ ಕೈ ಸೇರಿದವು. ಉಕ್ರೇನ್ ಬಗ್ಗೆ ಇಂಥದ್ದೇ ತನಿಖೆ 2022ರ ಮಾರ್ಚ್‌ನಲ್ಲಿ ಶುರುವಾಯಿತು.

ರಸ್ಲಾನ್ ಜರ್ಮನಿಗೆ ಬಂದಿದ್ದು 2014ರಲ್ಲಿ, ಆಶ್ರಯ ಕೇಳಿಕೊಂಡು. ಮರುವರ್ಷ ಬರ್ಲಿನ್ ಪೊಲೀಸರ ಹತ್ತಿರ ತಾನಾಗಿಯೇ ಹೋದ. ಸಿರಿಯಾದವರು ತನ್ನ ಬೆನ್ನು ಹತ್ತಿದ್ದಾರೆ ಅಂತ ದೂರು. 2019ರ ಫೆಬ್ರವರಿಯಲ್ಲಿ ಬಂಧನವಾಯಿತು.

2022ರ ಜನವರಿ 13ಕ್ಕೆ ತೀರ್ಪು. ಅವತ್ತು ಕೋರ್ಟಿನ ಹೊರಗೆ ಚಳಿಯಲ್ಲಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬ ಸಿರಿಯಾದ ಹೆಣ್ಣುಮಗಳು ಫೋಟೋ ಹಿಡಿದು ನಿಂತಿದ್ದಳು. ಮೀಸೆ ಆಗಷ್ಟೇ ಮೂಡುತ್ತಿದ್ದ ಹುಡುಗ. ಕೈಗವಸು ತೆಗೆದು ಅಂಗೈಯಿಂದ ಚೌಕಟ್ಟಿನ ಗಾಜು ಒರೆಸುತ್ತಿದ್ದಳು, ಮಂಜು ಕೂತಾಗಲೆಲ್ಲ. "ನನ್ನ ತಮ್ಮ" ಅಂದಳು. ಒಯ್ದ ಮೇಲೆ ಅವನ ಸುದ್ದಿಯೇ ಇಲ್ಲವಂತೆ.

27 ಕೊಲೆ, ಕನಿಷ್ಠ 4,000 ಜನರಿಗೆ ಚಿತ್ರಹಿಂಸೆ. ರಸ್ಲಾನ್‌ಗೆ ಜೀವಾವಧಿ ಶಿಕ್ಷೆ ಆಯಿತು.

ಎಲ್ಲರೂ ಹೀಗೆ ಸಿಗುವುದಿಲ್ಲ. ಸಿರಿಯಾ ವಾಯುಪಡೆ ಗುಪ್ತಚರ ವಿಭಾಗದ ಮುಖ್ಯಸ್ಥ ಜಮೀಲ್ ಹಸನ್ ಮೇಲೆ 2018ರಲ್ಲೇ ವಾರಂಟ್ ತೆಗೆಸಿದ್ದರು. ಅವನು ಇಲ್ಲಿರಲಿಲ್ಲ. ಆರೋಪಿ ಎದುರಿಗಿಲ್ಲದೆ ಇಲ್ಲಿ ಇಂಥ ವಿಚಾರಣೆ ನಡೆಯುವುದಿಲ್ಲ. ಆದರೂ ವಾರಂಟ್ ಸುಮ್ನೆ ಕಾಗದವಲ್ಲ ಅಂತ ನನಗನಿಸುತ್ತದೆ. ಹೆಸರು ದಾಖಲಾಯಿತಲ್ವಾ?

2024ರ ಡಿಸೆಂಬರ್‌ನಲ್ಲಿ ಸಿರಿಯಾದ ಅಸಾದ್ ಸರ್ಕಾರ ಬಿತ್ತು, ಜೈಲುಗಳ ಬಾಗಿಲು ತೆರೆದವು. ಟಿವಿಯಲ್ಲಿ ನೋಡಿದ ಅಪ್ಪ ಊರಿಂದ ಫೋನ್ ಮಾಡಿದರು. ಹದ್ದಿನ ಮಾತು ತೆಗೆಯಲಿಲ್ಲ.

"ಆ ಹೆಣ್ಮಗಳ ತಮ್ಮ ಸಿಕ್ಕನೇನು?"

ಅವಳು ಎಲ್ಲಿದ್ದಾಳೋ ನನಗೆ ಗೊತ್ತಿರಲಿಲ್ಲ. ಅವತ್ತು ಅವಳ ಹೆಸರು ಕೂಡ ಕೇಳಿರಲಿಲ್ಲ.