ಹಿಂದಿನ ಚಕ್ರ ಒಂಚೂರು ಒಳಗೆ

ಭಾನುವಾರ ವಿಜಯನಗರದಲ್ಲಿ ನಮ್ಮನೆ ಹತ್ರದ ಗ್ರೌಂಡಲ್ಲಿ ನನ್ ರಿಮೋಟ್ ಕಂಟ್ರೋಲ್ ಬಗ್ಗಿ ಕಾರು ಓಡಿಸ್ತಿದ್ದೆ, ತಿರುವಲ್ಲಿ ಥ್ರಾಟಲ್ ಕೊಟ್ಟ ತಕ್ಷಣ ಹಿಂಭಾಗ ಜಾರಿ ಗಾಡಿ ಗಿರ್ರಂತ ತಿರುಗಿಬಿಡೋದು, ಟೈರ್ ಬದಲಾಯಿಸಿದ್ರೂ ಅದೇ ಕಥೆ. ಆಮೇಲೆ ನೋಡಿದ್ರೆ ಹಿಂದಿನ ಚಕ್ರಗಳ ಟೋ-ಇನ್ 2 ಡಿಗ್ರಿ ಮಾತ್ರ ಇತ್ತು. ಟೋ-ಇನ್ ಅಂದ್ರೆ ಮೇಲಿಂದ ನೋಡ್ದಾಗ ಎರಡೂ ಚಕ್ರದ ಮುಂದಿನ ಅಂಚು ಒಳಗಡೆ ತಿರುಗಿರೋದು, ಇದು ಜಾಸ್ತಿ ಇದ್ರೆ ಪವರ್ ಕೊಟ್ಟಾಗ ಹಿಂಭಾಗ ನೆಲ ಕಚ್ಕೊಂಡಿರತ್ತೆ. ನನ್ ಗಾಡೀಲಿ ಹಿಂಜ್ ಪಿನ್ (ಚಕ್ರದ ತೋಳು ಮೇಲೆ ಕೆಳಗೆ ಆಡೋಕೆ ಇರೋ ಕಡ್ಡಿ) ಹಿಡ್ಕೊಂಡಿರೋ ಬ್ಲಾಕಲ್ಲಿ ಆ ಪಿನ್ ತೂರಿಸೋ ಪುಟಾಣಿ ಪ್ಲಾಸ್ಟಿಕ್ ಬುಶ್ ಇದೆ, ತೂತು ಮಧ್ಯದಲ್ಲಿರಲ್ಲ, ಒಂದ್ ಪಕ್ಕಕ್ಕಿರತ್ತೆ, ಅದನ್ನ ಬದಲಾಯಿಸಿ 3 ಡಿಗ್ರಿ ಮಾಡ್ದೆ. ಎರಡೂ ಕಡೆ ಕನ್ನಡಿ ಥರ ಒಂದೇ ಸಮ ಇರ್ಬೇಕು, ಇಲ್ಲಾಂದ್ರೆ ಗಾಡಿ ನೇರ ಹೋಗಲ್ಲ. 4 ಡಿಗ್ರೀನೂ ನೋಡ್ದೆ, ಹಿಂಭಾಗ ಗಟ್ಟಿ ನಿಲ್ತು, ಆದ್ರೆ ತಿರುಗೋಕೇ ಒಲ್ಲೆ ಅಂತು, ನೇರದಲ್ಲಿ ಸ್ಪೀಡೂ ಕಮ್ಮಿ. ಹಾಗಾಗಿ 3ಕ್ಕೇ ವಾಪಸ್ ಬಂದೆ.